ಹೆರದ ತಾಯಿಯ ಮುದ್ದಿನ ಮಗ

ಹೆತ್ತವರ ತಪ್ಪಿಗೆ ಮಗು ಏಕೆ ತಲೆ ತಗ್ಗಿಸಬೇಕು? ಕರ್ಣನ ಕಥೆ ಕೇಳುತ್ತ ಬೆಳೆದ ನಮಗೆ ಈ ಪ್ರಶ್ನೆ ಹೊಸದಲ್ಲ. ದೇಶದ ಇನ್ನೊಂದು ತುದಿಯ ಮಣಿಪುರದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು 1981ರಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ತಯಾರಾಯಿತು. ಹೆಸರು ‘ಇಮಾಗಿ ನಿಂಗ್ಥೆಮ್’. ಮಣಿಪುರಿ ಭಾಷೆಯಲ್ಲಿ ‘ಇಮಾ’ ಎಂದರೆ ಅಮ್ಮ. ಇಂಗ್ಲಿಷಿನಲ್ಲಿ ‘ಮೈ ಸನ್, ಮೈ ಪ್ರೆಷಸ್’ ಎಂದು ಹೆಸರಾದ ಇದನ್ನು ನಾವು ‘ನನ್ನ ಮಗ, ನನ್ನ ಮುತ್ತು’ ಎನ್ನಬಹುದು.

ನಿರ್ದೇಶಕರು ಅರಿಬಮ್ ಶ್ಯಾಮ್ ಶರ್ಮಾ. ಚಿತ್ರಕಥೆ ಬರೆದವರು ಎಂ. ಕೆ. ಬಿನೋದಿನಿ ದೇವಿ (1922-2011). ಮಣಿಪುರದ ಮಹಾರಾಜ ಚುರಾಚಾಂದ್ ಅವರ ಮಗಳಾದ ಬಿನೋದಿನಿ, ರಾಜಕುಮಾರಿಯೊಬ್ಬಳ ಬದುಕನ್ನು ಕುರಿತ ಕಾದಂಬರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಈ ಚಿತ್ರಕ್ಕೆ ಮಾತ್ರ ಅವರು ಆರಿಸಿಕೊಂಡದ್ದು ಅರಮನೆಯನ್ನಲ್ಲ, ಹಳ್ಳಿಯ ತಬ್ಬಲಿ ಹುಡುಗನೊಬ್ಬನನ್ನು.

ಮೇಡಂ ಕಣ್ಣಿಗೆ ಬಿದ್ದ ಹುಡುಗ

ಧನಿ ಎಂಬ ತರುಣಿ ಹಳ್ಳಿಯ ಶಾಲೆಗೆ ಉಪಾಧ್ಯಾಯಿನಿಯಾಗಿ ಬರುತ್ತಾಳೆ. ಅಲ್ಲಿ ಅವಳ ಗಮನ ಸೆಳೆಯುವವನು ಥೊಯ್‌ಥೊಯ್. ಅವನನ್ನು ಹೆರುವಾಗಲೇ ತಾಯಿ ಮೆಮ್ಚಾ ತೀರಿಕೊಂಡಿದ್ದಾಳೆ. ಸಾಕುತ್ತಿರುವವನು ತಾತ. ಹಾಗಾದರೆ ತಂದೆ ಯಾರು? ವಿಚಾರಿಸುತ್ತ ಹೋದ ಧನಿಗೆ ದೊರೆತ ಉತ್ತರ ಅವಳ ಬಳಗದೊಳಗೇ ಇತ್ತು. ತನ್ನ ಸೋದರಸಂಬಂಧಿ ಏಕಾಶಿನಿಯ ಗಂಡ ದಿನಚಂದ್ರನೇ ಆ ಹುಡುಗನ ತಂದೆ!

ಮುಂದೇನಾಗುತ್ತದೆ ಎಂದು ನಾವು ಸುಲಭವಾಗಿ ಊಹಿಸಿಬಿಡುತ್ತೇವೆ. ಅಳು, ರಂಪ, ಮಗುವನ್ನು ಕಾಡುವ ಮಲತಾಯಿ - ನೂರಾರು ಚಿತ್ರಗಳಲ್ಲಿ ನೋಡಿದ್ದೇವಲ್ಲ. ಆದರೆ ವಿಷಯ ತಿಳಿದ ಏಕಾಶಿನಿ ಆ ಹುಡುಗನನ್ನು ಮನೆಗೆ ಕರೆತಂದು, ತನ್ನ ಮಗನಂತೆ ಸಾಕಲು ನಿರ್ಧರಿಸುತ್ತಾಳೆ. ಈ ಮೋಸದಿಂದ ನೋಯಬೇಕಾದ ಹೆಂಗಸೇ ಮಗುವಿಗೆ ಮಡಿಲಾಗುತ್ತಾಳೆ. ತಪ್ಪು ಮಾಡಿದ ತಂದೆ ಮುಚ್ಚಿಟ್ಟಿದ್ದನ್ನು, ತಪ್ಪೇ ಮಾಡದ ಹೆಂಡತಿ ನಾಲ್ಕು ಜನರ ಮುಂದೆ ತನ್ನದೆಂದು ಒಪ್ಪಿಕೊಳ್ಳುತ್ತಾಳೆ. ಚಿತ್ರದ ಜೀವವಿರುವುದು ಇಲ್ಲೇ.

ಇದು ಗಂಡನನ್ನು ಕ್ಷಮಿಸಿದ ಪತಿವ್ರತೆಯ ಕಥೆ ಎಂದುಕೊಂಡರೆ ಅರ್ಧ ಮಾತ್ರ ಅರ್ಥವಾದಂತೆ. ಗಂಡನ ಮೇಲಿನ ಕೋಪ ಬೇರೆ, ಮಗುವಿನ ಹಸಿವು ಬೇರೆ ಎಂದು ಅವಳು ಬಿಡಿಸಿ ನೋಡಬಲ್ಲಳು. ಹಿರಿಯರ ಜಗಳದಲ್ಲಿ ಮಕ್ಕಳನ್ನು ಎಳೆದಾಡುವ ಮನೆಗಳು ಎಲ್ಲೆಡೆಯೂ ಇವೆ. ಅಂಥ ಮನೆಯವರೆಲ್ಲ ಈ ವಿವೇಕವನ್ನು ಗಮನಿಸಬೇಕು. ಹಾಗೆಯೇ, ತರಗತಿಯ ಮೂಲೆಯ ಹುಡುಗನನ್ನು ಒಬ್ಬ ಉಪಾಧ್ಯಾಯಿನಿ ಗಮನಿಸದೇ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಇಂಫಾಲದಿಂದ ಫ್ರಾನ್ಸಿಗೆ

ಮಣಿಪುರಿಯ ಮೊದಲ ಕಥಾಚಿತ್ರ ‘ಮಾತಮ್‌ಗಿ ಮಣಿಪುರ್’ ತೆರೆ ಕಂಡದ್ದು 1972ರಲ್ಲಿ. ಶ್ಯಾಮ್ ಶರ್ಮಾ ಅದರಲ್ಲಿ ನಟಿಸಿದ್ದರು. ಹತ್ತೇ ವರ್ಷಗಳಲ್ಲಿ, 1982ರಲ್ಲಿ, ಅವರದೇ ‘ಇಮಾಗಿ ನಿಂಗ್ಥೆಮ್’ ಫ್ರಾನ್ಸಿನ ನಾಂತ್ ನಗರದ ಮೂರು ಖಂಡಗಳ ಚಿತ್ರೋತ್ಸವದಲ್ಲಿ ಅತ್ಯುನ್ನತ ಬಹುಮಾನ ಗೆದ್ದಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಚಿತ್ರಗಳಿಗೆಂದೇ ಇರುವ ಉತ್ಸವವದು. ನಮ್ಮ ದೇಶದಲ್ಲೂ 1981ರ ಅತ್ಯುತ್ತಮ ಮಣಿಪುರಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. ಥೊಯ್‌ಥೊಯ್ ಪಾತ್ರದ ಲೈಖೇಂದ್ರ ಸಿಂಗ್ ಶ್ರೇಷ್ಠ ಬಾಲನಟನೆನಿಸಿದ.

ಇದೇ ಜೋಡಿಯ ‘ಇಶಾನೌ’ (1990) ಚಿತ್ರವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ತಂಫಾ ಎಂಬ ಗೃಹಿಣಿ ದೈವದ ಕರೆಗೆ ಓಗೊಟ್ಟು ಗಂಡನನ್ನೂ ಹೆತ್ತ ಮಗಳನ್ನೂ ಬಿಟ್ಟು, ‘ಮೈಬಿ’ ಎಂಬ ಪೂಜಾರಿಣಿಯರ ಪಂಗಡ ಸೇರುತ್ತಾಳೆ. ಒಬ್ಬಳು ಹೆರದ ಮಗನನ್ನು ಅಪ್ಪಿಕೊಂಡರೆ, ಇನ್ನೊಬ್ಬಳು ಹೆತ್ತ ಮಗಳನ್ನೇ ಅಗಲುತ್ತಾಳೆ. ಇಬ್ಬರನ್ನೂ ದೂಷಿಸದೆ ನಿಂತು ನೋಡುವುದು ಶರ್ಮಾ ಅವರ ರೀತಿ. 1991ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡ ‘ಇಶಾನೌ’, ಪುನರುಜ್ಜೀವನಗೊಂಡ ಪ್ರತಿಯಾಗಿ 2023ರಲ್ಲಿ ಮತ್ತೆ ಅಲ್ಲಿಗೇ ಹೋಯಿತು.

ಮಣಿಪುರವೆಂದರೆ ಪಠ್ಯಪುಸ್ತಕದ ನಕಾಶೆಯ ಒಂದು ಮೂಲೆ ಅಥವಾ ಪತ್ರಿಕೆಯ ಗಲಭೆಯ ಸುದ್ದಿ ಎಂದಷ್ಟೇ ತಿಳಿದ ಮಕ್ಕಳು ಈ ಚಿತ್ರವನ್ನು ನೋಡಬೇಕು. ಅವಕಾಶ ಸಿಕ್ಕಿದರೆ ತಂದೆತಾಯಿಯರೂ ಜೊತೆಗೆ ಕುಳಿತು ನೋಡಲಿ. ಭಾಷೆ ತಿಳಿಯದಿದ್ದರೂ, ತಾಯಿಯಿಲ್ಲದ ಹುಡುಗನಿಗೆ ಒಬ್ಬಳು ಅಮ್ಮ ಸಿಕ್ಕಿದ್ದು ಎಲ್ಲರಿಗೂ ತಿಳಿಯುತ್ತದೆ.