ಹಿಮದ ಇಳಿಜಾರಿನ ಕಾವಲು

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಮಗಳು ಸ್ಕೀ ಪೆಟ್ರೋಲ್ ಸೇರುತ್ತಾಳಂತೆ. ಸ್ಕೀಯಿಂಗ್ ಚೆನ್ನಾಗಿ ಬಂದರೆ ಸಾಲದೇ?

ಉತ್ತರ: ಸಾಲದು. ಅಡುಗೆಭಟ್ಟರಿಗೆ ಒಲೆ ಹಚ್ಚಲು ಬಂದಷ್ಟೇ ಅದು. ಅಸಲಿ ಕೆಲಸ ಆಮೇಲಿನದು: ಇಳಿಜಾರಿನಲ್ಲಿ ಬಿದ್ದು ಗಾಯಗೊಂಡವರನ್ನು ಉಪಚರಿಸಿ ಕೆಳಗೆ ತರುವುದು.

ಅಲ್ಲಿನ ನ್ಯಾಷನಲ್ ಸ್ಕೀ ಪೆಟ್ರೋಲ್‌ನ ಮೂಲದಲ್ಲೇ ಒಂದು ಮುರಿದ ಕಾಲಿದೆ. ವರ್ಮಾಂಟ್‌ನ ಸ್ಟೋದಲ್ಲಿ ಚಾರ್ಲ್ಸ್ ಮೈನಟ್ ಡೋಲ್ ಬಿದ್ದು ಕಣಕಾಲು ಮುರಿದುಕೊಂಡಾಗ, ಗೆಳೆಯರು ಚಾವಣಿಯ ತಗಡಿನ ಮೇಲೆ ಮಲಗಿಸಿ ಎಳೆದು ತಂದರು. 1938ರಲ್ಲಿ ಡೋಲ್ ಅವರೇ ಈ ಸಂಸ್ಥೆ ಕಟ್ಟಿದರು.

ಕಲಿಯುವವರು ಮೊದಲು 'ಔಟ್‌ಡೋರ್ ಎಮರ್ಜೆನ್ಸಿ ಕೇರ್' ಎಂಬ ತುರ್ತು ಚಿಕಿತ್ಸಾ ಕೋರ್ಸ್ ಮುಗಿಸಬೇಕು. ಮುರಿದ ತೊಡೆಗೆ ದಬ್ಬೆ ಕಟ್ಟುವುದು, ಬೆನ್ನುಹುರಿ ಅಲುಗದಂತೆ ಎತ್ತುವುದು, ಚಳಿಗೆ ಮರಗಟ್ಟಿದವರನ್ನು ನೋಡಿಕೊಳ್ಳುವುದು, ಎಲ್ಲಕ್ಕೂ ಲಿಖಿತ ಹಾಗೂ ಪ್ರಾಯೋಗಿಕ ಪರೀಕ್ಷೆ ಉಂಟು. ನನ್ನ ಕಣ್ಣಿಗೆ ಇದಕ್ಕಿಂತ ಕಷ್ಟದ್ದು ಟೊಬಾಗನ್, ಅಂದರೆ ಗಾಯಾಳುವನ್ನು ಒಯ್ಯುವ ಜಾರುಬಂಡಿ. ಅದರ ಎರಡು ಹಿಡಿಕೆಗಳ ನಡುವೆ ನಿಂತು, ಹಿಂದಿನಿಂದ ನೂಕುವ ಭಾರವನ್ನು ತಡೆಯುತ್ತ, ಸ್ಕೀಗಳನ್ನು ಅಡ್ಡ ತಿರುಗಿಸಿ ಕಡಿದಾದ ಇಳಿಜಾರಿನಲ್ಲಿ ಇಳಿಯಬೇಕು. ಮೊದಲು ಖಾಲಿ ಬಂಡಿ, ಆಮೇಲೆ ಸಹಪಾಠಿಯೇ ಅದರೊಳಗೆ. ಪಾಪ, ಮಲಗಿದವರ ಧೈರ್ಯವೇ ದೊಡ್ಡದು!

ಹಿಮಕುಸಿತದ ಅಪಾಯವಿರುವಲ್ಲಿ ಹೂತವರ ಸುಳಿವು ಕೊಡುವ ಬೀಕನ್ ಎಂಬ ರೇಡಿಯೋ ಸಾಧನ, ಉದ್ದನೆಯ ಶೋಧಕೋಲು, ಸಲಿಕೆಗಳ ಅಭ್ಯಾಸವೂ ಸೇರುತ್ತದೆ. ಹೂತುಹೋದವರನ್ನು ಮೊದಲ ಹದಿನೈದು ನಿಮಿಷದೊಳಗೆ ತೆಗೆದರಷ್ಟೇ ಬದುಕುವ ಆಸೆ ಹೆಚ್ಚು.

ಈ ಕಾವಲುಗಾರರಲ್ಲಿ ಅನೇಕರು ಸಂಬಳವಿಲ್ಲದ ಸ್ವಯಂಸೇವಕರು. ಹಲವೆಡೆ ತರಗತಿಗಳು ಹಿಮ ಬೀಳುವ ಮೊದಲೇ ಶುರುವಾಗುತ್ತವೆ. ಹತ್ತಿರದ ಸ್ಕೀ ಬೆಟ್ಟದಲ್ಲಿ ಈಗಲೇ ವಿಚಾರಿಸಲು ಮಗಳಿಗೆ ಹೇಳಿ.