ದಂಡಾಳುಗಳ ಗಾಡಿ ಯಾವುದು?

ಕೊಡ್ಲಿಯ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಬಿ.ಜಿ.ಎಂ.ಐ. ಎಂಬ ಯುದ್ಧದ ಆಟವನ್ನಾಡುತ್ತಿದ್ದ ವಿದ್ಯಾರ್ಥಿಗಳಲ್ಲಿ ಒಂದು ವಾದ ಹುಟ್ಟಿ, ನಮ್ಮವರೆಗೂ ಬಂದಿತು. ಆ ಆಟದಲ್ಲಿ ಬಿ.ಆರ್.ಡಿ.ಎಂ.-2 ಎಂಬ ಕವಚಗಾಡಿಯೊಂದುಂಟು. ಅದು ನೆಲದ ಮೇಲೆ ಓಡಬಲ್ಲುದು, ನೀರಿನಲ್ಲಿ ತೇಲಬಲ್ಲುದು. ನಾಲ್ವರ ತಂಡ ಅದರಲ್ಲಿ ಸರಿಯಾಗಿ ಹಿಡಿಸುತ್ತದೆ. ಆದುದರಿಂದ ಅದು ದಂಡಾಳುಗಳನ್ನು ಸಾಗಿಸುವ ಗಾಡಿಯೆಂದು ಒಬ್ಬನ ವಾದ. ಉಕ್ಕಿನ ಕವಚವಿರುವುದರಿಂದ ಟ್ಯಾಂಕೇ ಸರಿ ಎಂದು ಇನ್ನೊಬ್ಬನದು. ಇಬ್ಬರೂ ತಪ್ಪಿದರೆಂದೇ ನಮ್ಮ ಅಭಿಪ್ರಾಯ.

ಸೇಡಮಿನ ರಸ್ತೆಯಲ್ಲಿ ಓಡಾಡುವ ಟಂಟಂ ಗಾಡಿಯನ್ನು ನೆನೆಯಿರಿ. ಅದರಲ್ಲಿ ಎಷ್ಟು ಜನ ಪ್ರಯಾಣಿಕರು ಎಂದು ಕೇಳಿದರೆ ಚಾಲಕನನ್ನು ಯಾರೂ ಎಣಿಸುವುದಿಲ್ಲ. ಬಿ.ಆರ್.ಡಿ.ಎಂ.-2 ಗಾಡಿಯನ್ನು ಸೋವಿಯತ್ ದೇಶವು 1960ರ ದಶಕದಲ್ಲಿ ಶತ್ರುವಿನ ಸುಳಿವರಿಯುವ ಕೆಲಸಕ್ಕಾಗಿ ಬಳಕೆಗೆ ತಂದಿತು. ಅದರ ನಾಲ್ಕು ಆಸನಗಳೂ ಗಾಡಿಯನ್ನು ನಡೆಸುವವರಿಗೆ, ಅದರ ಕೋವಿಯನ್ನು ಹಾರಿಸುವವರಿಗೆ ಮೀಸಲು. ಇಳಿದು ಹೋರಾಡುವ ಪ್ರಯಾಣಿಕರಿಗೆ ಎಡೆಯೇ ಇಲ್ಲ. ಬಾಗಿಲನ್ನು ನೋಡಿದರೂ ಸಾಕು: ಮುಂಭಾಗದ ಛಾವಣಿಯಲ್ಲಿ ಎರಡು ಮುಚ್ಚಳಗಳು, ಅಷ್ಟೆ. ಗುಂಡು ಹಾರುತ್ತಿರುವಾಗ ಒಬ್ಬೊಬ್ಬರಾಗಿ ತಲೆಯೆತ್ತಿ ಹೊರಬರಬೇಕಾದ ಗಾಡಿಯಲ್ಲಿ ಕಾಲಾಳುಗಳನ್ನು ಯಾರು ತಾನೆ ಕಳುಹಿಸಿಯಾರು?

ಅಮೆರಿಕದ ಎಂ-113 ಗಾಡಿಯಾದರೋ ನಿಜವಾದ ದಂಡಾಳುಗಳ ಗಾಡಿ. ನಡೆಸುವವರು ಇಬ್ಬರು, ಕೂರುವವರು ಹನ್ನೊಂದು ಮಂದಿ. ಹಿಂಗೋಡೆಯೇ ಕೆಳಗೆ ಮಡಿದು ಇಳಿಜಾರಾಗುವುದರಿಂದ ಎಲ್ಲರೂ ಗಾಡಿಯ ಮರೆಯಲ್ಲೇ ಇಳಿಯಬಹುದು.

ಇನ್ನು ನಿಜವಾದ ತೊಡಕು ನಮ್ಮ ನೆರೆಯಲ್ಲೇ ಇದೆ. ತೆಲಂಗಾಣದ ಮೆದಕ್ ಆಯುಧ ಕಾರ್ಖಾನೆಯಲ್ಲಿ 1987ರಿಂದ ತಯಾರಾಗುತ್ತ ಬಂದ ‘ಸಾರಥ್’ ಗಾಡಿಯು ಸೋವಿಯತ್ ಬಿ.ಎಂ.ಪಿ.-2ರ ಭಾರತೀಯ ರೂಪ. ಅದನ್ನು ನಡೆಸಲು ಮೂವರು, ಇಳಿದು ಹೋರಾಡುವವರು ಏಳು ಮಂದಿ. ಹಾಗಿದ್ದರೆ ಇದೂ ಎಂ-113ರ ಜಾತಿಯದೇ? ಅಲ್ಲ. 1990ರ ನವೆಂಬರಿನಲ್ಲಿ ಪ್ಯಾರಿಸಿನಲ್ಲಿ ಸಹಿಯಾದ ಯೂರೋಪಿನ ಶಸ್ತ್ರ ಮಿತಿ ಒಪ್ಪಂದವು ಇಲ್ಲೊಂದು ಗೆರೆ ಎಳೆಯಿತು. ಗಾಡಿಯ ಕೋವಿಯ ನಳಿಗೆಯ ವ್ಯಾಸ 20 ಮಿಲಿಮೀಟರಿಗಿಂತ ಕಡಿಮೆಯಾದರೆ ಅದು ದಂಡಾಳುಗಳ ಗಾಡಿ. 20 ಅಥವಾ ಹೆಚ್ಚಾಗಿದ್ದು, ಒಳಗಿನ ಕಾಲಾಳುಗಳೂ ಕವಚದ ಮರೆಯಿಂದಲೇ ಗುಂಡು ಹಾರಿಸುವಂತಿದ್ದರೆ ಕಾಲಾಳುಗಳ ಕಾದಾಟದ ಗಾಡಿ. ಇದು ಬರಿಯ ಹೆಸರಿನ ಮಾತಾಗಿರಲಿಲ್ಲ. ಒಂದೊಂದು ಪಕ್ಷಕ್ಕೆ ಒಟ್ಟು 30,000 ಕವಚಗಾಡಿಗಳ ಮಿತಿಯಿತ್ತು. ಅದರೊಳಗೆ ಕಾದಾಟದ ಗಾಡಿಗಳೂ ಭಾರಿ ಫಿರಂಗಿಯ ಗಾಡಿಗಳೂ ಸೇರಿ 18,000ವನ್ನು ಮೀರುವಂತಿರಲಿಲ್ಲ. ಗಾಡಿಯ ಜಾತಿ ಬದಲಾದರೆ ಸೇನೆಯ ಬಲವೇ ಬದಲಾಗುತ್ತಿತ್ತು.

ಕೆಲವು ಮಿಲಿಮೀಟರುಗಳಿಗೆ ಇಷ್ಟೇಕೆ ಮಹತ್ವ? ಒಂದೇ ಆಕಾರದ, ಒಂದೇ ಲೋಹದ ಎರಡು ಗುಂಡುಗಳಲ್ಲಿ ವ್ಯಾಸವು ಎರಡು ಮಡಿಯಾದರೆ ತೂಕವು ಎಂಟು ಮಡಿಯಾಗುತ್ತದೆ. ಎಂ-113ರ 12.7 ಮಿಲಿಮೀಟರು ಕೋವಿಯ ಗುಂಡು ಸುಮಾರು 46 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 890 ಮೀಟರು. ಸಾರಥ್ ಗಾಡಿಯ 30 ಮಿಲಿಮೀಟರು ಫಿರಂಗಿಯ ಕವಚಭೇದಿ ಗುಂಡು ಸುಮಾರು 400 ಗ್ರಾಂ. ವೇಗ ಸುಮಾರು 970 ಮೀಟರು. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ ನೋಡಿ: ಮೊದಲನೆಯದರ ಚಲನಶಕ್ತಿ ಸುಮಾರು 18,000 ಜೌಲ್, ಎರಡನೆಯದು 1,88,000. ಹತ್ತು ಮಡಿ! ಮೊದಲನೆಯ ಗುಂಡು ತಾಗಿ ಸಿಡಿದುಹೋಗುವ ಕವಚವನ್ನು ಎರಡನೆಯದು ತೂರಿಹೋಗಬಲ್ಲುದು. ಆದರೆ ಅಂತಹ ಫಿರಂಗಿಗೆ ಗೋಪುರ ಬೇಕು, ಗುಂಡುಗಳನ್ನು ತುಂಬಿಡಲು ಎಡೆ ಬೇಕು. ಗಾಡಿಯೋ ನೀರಿನಲ್ಲಿ ತೇಲಬೇಕು. ಹನ್ನೊಂದು ಮಂದಿಯ ಜಾಗದಲ್ಲಿ ಏಳೇ ಮಂದಿ ಕೂರುವುದಕ್ಕೆ ಇದೂ ಒಂದು ಕಾರಣ.

ವಾರ್ ಥಂಡರ್ ಎಂಬ ಮತ್ತೊಂದು ಆಟವು ಬಿ.ಎಂ.ಪಿ.-2ನ್ನು ಹಗುರ ಟ್ಯಾಂಕುಗಳ ಸಾಲಿನಲ್ಲಿ ನಿಲ್ಲಿಸಿದೆ. ಆಟದಲ್ಲಿ ಕಾಲಾಳುಗಳನ್ನು ಇಳಿಸುವ ಕೆಲಸವಿಲ್ಲದಿದ್ದರೆ ಉಳಿಯುವುದು ಫಿರಂಗಿಯೊಂದೇ ಅಲ್ಲವೆ! ಆದರೆ ಮೇಲಿನ ಒಪ್ಪಂದದ ಪ್ರಕಾರ ಟ್ಯಾಂಕೆನ್ನಿಸಬೇಕಾದರೆ ಫಿರಂಗಿ 75 ಮಿಲಿಮೀಟರಿಗೂ, ಬರಿಗಾಡಿಯ ತೂಕ ಹದಿನಾರೂವರೆ ಟನ್ನಿಗೂ ಕಡಿಮೆಯಿರಕೂಡದು. ಸಾರಥ್ ಗಾಡಿಯಾದರೋ ಸಕಲ ಸಾಮಗ್ರಿ ತುಂಬಿದರೂ ಸುಮಾರು ಹದಿನಾಲ್ಕು ಟನ್ನು ತೂಗುತ್ತದೆ.