‘ಸಿಸ್ಟರ್’ ಅಂತ ಕರೆದರೆ ಸಾಲದು, ಸಂಬಳವನ್ನೂ ಕೊಡಿ

ಹೋದ ವರ್ಷ ಮಿಡಿಗೇಶಿಯಲ್ಲಿ ನಮ್ಮಜ್ಜಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ದೊಡ್ಡೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ರಾತ್ರಿ ಪಾಳಿಯ ನರ್ಸ್‌ಗೆ ಹೆಚ್ಚೆಂದರೆ ಇಪ್ಪತ್ಮೂರು ವರ್ಷ. ಬೆಡ್‌ಪ್ಯಾನ್ ತೆಗೆದು, ಒರೆಸಿ, ನೋವಾಗದಂತೆ ಮಗ್ಗುಲು ಹೊರಳಿಸಿದಳು. ಅಜ್ಜಿ ಅವಳ ಕೈ ಹಿಡಿದು, "ಯಾರ ಮಗಳೋ ತಾಯಿ, ನನ್ನ ಹೇಲು ಉಚ್ಚೆ ಬಳೀತಿದ್ದೀಯ" ಅಂತ ಅತ್ತೇಬಿಟ್ಟರು.

ಆಮೇಲೆ ಮಾತಿಗೆಳೆದೆ. ಆ ರಾತ್ರಿ ಇಡೀ ವಾರ್ಡ್‌ಗೆ ಅವಳೊಬ್ಬಳೇ. ಕೈಗೆ ಬರೋದು ಹನ್ನೆರಡು ಸಾವಿರ. "ಜಾಸ್ತಿ ಕೇಳಿದ್ರೆ ಇದು ಸೇವೆ ಕಣಮ್ಮ ಅಂತಾರೆ ಸಾರ್" ಅಂದಳು.

ಈ ‘ಸೇವೆ’ ಅನ್ನೋ ಮಾತು ಎಲ್ಲಿಂದ ಬಂತು? ನರ್ಸ್‌ಗಳನ್ನು ನಾವು ‘ಸಿಸ್ಟರ್’ ಅನ್ನುವುದರಲ್ಲೇ ಉತ್ತರವಿದೆ. ಅದು ಕ್ರೈಸ್ತ ಸನ್ಯಾಸಿನಿಯರಿಂದ ಬಂದ ಹೆಸರು. ಫ್ಲಾರೆನ್ಸ್ ನೈಟಿಂಗೇಲ್ ಕೂಡ 1851ರಲ್ಲಿ ತರಬೇತಿ ಪಡೆದದ್ದು ಜರ್ಮನಿಯ ಒಂದು ಕ್ರೈಸ್ತ ಸೇವಾಸಂಸ್ಥೆಯಲ್ಲಿ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಶುರು ಮಾಡಿದ್ದು ಗುಡ್ ಶೆಫರ್ಡ್ ಸನ್ಯಾಸಿನಿಯರು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1909ರಲ್ಲೇ ನರ್ಸಿಂಗ್ ಶಾಲೆ ತೆರೆದರು.

ಮಿಷನರಿಗಳಿಗೆ ಮತಪ್ರಚಾರದ ಉದ್ದೇಶವೂ ಇತ್ತು, ಮುಚ್ಚಿಡಬೇಕಿಲ್ಲ. ಆದರೆ ಪರರ ರಕ್ತ, ಕೀವು, ಮಲ ಮುಟ್ಟುವುದು ಮೈಲಿಗೆ ಅಂತ ‘ಮೇಲ್ಜಾತಿ’ ಮನೆಗಳು ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳಿಸದಿದ್ದ ಕಾಲದಲ್ಲಿ, ಯಾವ ಜಾತಿಯ ಮೈಯಾದರೂ ಮುಟ್ಟಿ ಆರೈಕೆ ಮಾಡಿದವರಲ್ಲಿ ಈ ಹೆಣ್ಣುಮಕ್ಕಳೇ ಮುಂದಿದ್ದರು. ಆ ಕರುಣೆ ಒಂದು ಸಾಮಾಜಿಕ ಬಂಡಾಯವೂ ಆಗಿತ್ತು.

ಸನ್ಯಾಸಿನಿಗೆ ಊಟ, ವಸತಿ, ಮುಪ್ಪಿನ ಚಿಂತೆ ಮಠದ್ದು. ಇವತ್ತಿನ ನರ್ಸ್‌ಗೆ ಎಜುಕೇಷನ್ ಲೋನ್ ಇದೆ, ಪಿಜಿ ಬಾಡಿಗೆ ಇದೆ, ಊರಲ್ಲಿ ಅಪ್ಪ ಅಮ್ಮ ಇದ್ದಾರೆ. ಆಸ್ಪತ್ರೆ ನಡೆಸೋರು ಸನ್ಯಾಸಿನಿಯ ತ್ಯಾಗವನ್ನಷ್ಟೇ ಉಳಿಸಿಕೊಂಡು, ಮಠ ಹೊತ್ತಿದ್ದ ಹೊಣೆಯನ್ನು ಕೈಬಿಟ್ಟರು.

ಬೈಬಲಿನ ಒಳ್ಳೆಯ ಸಮಾರ್ಯದವನ ಕತೆ ನೆನಪಿಸಿಕೊಳ್ಳಿ. ಕಳ್ಳರು ಹೊಡೆದು ಬಿಸಾಕಿದವನನ್ನು ಪುರೋಹಿತ ನೋಡಿಯೂ ಬಳಸಿಕೊಂಡು ಹೋಗುತ್ತಾನೆ. ಜನ ಕೀಳಾಗಿ ಕಾಣುತ್ತಿದ್ದ ಸಮಾರ್ಯದವನು ಗಾಯ ಕಟ್ಟಿ, ಛತ್ರಕ್ಕೆ ಒಯ್ಯುತ್ತಾನೆ. ಕತೆ ಅಲ್ಲಿಗೇ ಮುಗಿಯೋದಿಲ್ಲ. ಮಾರನೇ ದಿನ ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ತೀರಿಸುತ್ತೇನೆ ಅನ್ನುತ್ತಾನೆ. ಪುಣ್ಯ ಬರುತ್ತೆ, ಬಿಟ್ಟಿ ನೋಡ್ಕೋ ಅನ್ನಲಿಲ್ಲ!

ನಾನು ಇಂಜಿನಿಯರಿಂಗ್ ಓದಿದವನು. ತೊಲೆಯ ಮೇಲೆ ತಡೆಯಲಾರದಷ್ಟು ಭಾರ ಹಾಕಿ, ಮುರಿದಾಗ ತೊಲೆಯ ನಡತೆ ಸರಿಯಿಲ್ಲ ಅನ್ನೋದಿಲ್ಲ. ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗೆ 1 ನರ್ಸ್ ಇರಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಒಬ್ಬಳೇ ವಾರ್ಡ್ ತುಂಬ ಓಡುವಾಗ ನಗುಮುಖ ಎಲ್ಲಿಂದ ಬರಬೇಕು? ‘ಸಿಸ್ಟರ್ ಸಿಡುಕ್ತಾರೆ’ ಅನ್ನೋ ನಮ್ಮ ದೂರನ್ನು ಈ ಲೆಕ್ಕದ ಜೊತೆ ಇಟ್ಟು ನೋಡಬೇಕು.

ಸಂಬಳಕ್ಕೂ ಲೆಕ್ಕವಿದೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಯಂತೆ ಕೇಂದ್ರ ಒಂದು ಸಮಿತಿ ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ವೇತನ, 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು ಅಂತ ಅದು ಶಿಫಾರಸು ಮಾಡಿತು. ಜಾರಿ ಮಾಡಬೇಕಾದ್ದು ರಾಜ್ಯಗಳು. ನಿಮ್ಮ ಶಾಸಕರು ವೋಟು ಕೇಳೋಕೆ ಬಂದಾಗ ಇದನ್ನು ಕೇಳಿ.

ಅಜ್ಜಿ ಈಗ ಕೋಲೂರಿ ನಡೆಯುತ್ತಾರೆ. ಮೊನ್ನೆ ಕೇಳಿದರು: "ಆ ಹುಡುಗಿಗೆ ಏನಾದ್ರೂ ಕೊಟ್ಟೇನೋ?" ಐನೂರು ಕೊಡೋಕೆ ಹೋದೆ, ಬೇಡ ಅಂದಳಜ್ಜಿ ಅಂದೆ. "ಐನೂರು ಯಾತಕ್ಕೆ ಸಾಕಾದೀತೋ" ಅಂದರು ಅಜ್ಜಿ.